ಅತ್ತೆಯ ಉಪವಾಸ

ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಧ್ಯಾನಕೂಟಕ್ಕೆ ಅತ್ತೆಯ ಜೊತೆ ಬಂದ ಎರಡನೇ ದಿನ ಬೆಳಿಗ್ಗೆಯೇ ಸೊಸೆಗೆ ಅನುಮಾನ ಬಂತು. ಮೂರು ದಿನ ಪ್ರಾರ್ಥನೆಗಲ್ಲದೆ ಯಾರೂ ಬಾಯಿ ತೆರೆಯುವಂತಿಲ್ಲ ಎಂಬುದು ಅಲ್ಲಿನ ನಿಯಮ. ಊಟದ ಕೋಣೆಯಲ್ಲಿ ಚಮಚಗಳ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಎದುರು ಸಾಲಿನಲ್ಲಿ ಕೂತಿದ್ದ ಅತ್ತೆ ತಮ್ಮ ಬ್ರೆಡ್ಡನ್ನು ಪಕ್ಕದಾಕೆಯ ತಟ್ಟೆಗೆ ಮೆಲ್ಲನೆ ದಾಟಿಸಿದರು. ಹಾಲಿನ ಲೋಟ ತುಟಿಯವರೆಗೆ ಹೋಗಿ ಬಂತು. ಹಾಲು ಮಾತ್ರ ಇದ್ದಷ್ಟೇ ಇತ್ತು.

ಸೊಸೆ ಹನ್ನೆರಡು ವರ್ಷದಿಂದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು. ಅರ್ಧ ಗಂಟೆ ಹಿಂದಷ್ಟೇ ಅತ್ತೆ ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಂಡಿದ್ದನ್ನು ಅವಳೇ ಕಣ್ಣಾರೆ ನೋಡಿದ್ದಳು. ಸಕ್ಕರೆ ಕಾಯಿಲೆಯವರು ಅದನ್ನು ಚುಚ್ಚಿಕೊಂಡು ತಿನ್ನದಿದ್ದರೆ ರಕ್ತದ ಸಕ್ಕರೆ ಇಳಿದುಹೋಗುತ್ತದೆ. ವರಾಂಡದಲ್ಲಿ ಅತ್ತೆಯ ಮೊಣಕೈ ಹಿಡಿದು ನಿಲ್ಲಿಸಿದಳು.

"ಅತ್ತೆ, ನೀವು ಏನೂ ತಿಂದಿಲ್ಲ."

"ಶ್, ಸಿಸ್ಟರ್ ನೋಡ್ತಾರೆ."

"ನೋಡ್ಲಿ. ಕಾಯಿಲೆಯವರಿಗೆ ಉಪವಾಸ ಬೇಡ ಅಂತ ಫಾದರೇ ಹೇಳಿದ್ರಲ್ಲ."

"ಅದು ಕಾಯಿಲೆಯವರಿಗೆ."

"ನೀವೇನು ಪೈಲ್ವಾನರಾ?"

ಅತ್ತೆ ನಗಲಿಲ್ಲ. "ನನ್ನಕ್ಕ ಸತ್ತು ಮೂರು ತಿಂಗಳಾಯ್ತು. ಹನ್ನೊಂದು ವರ್ಷ ಅವಳ ಹತ್ರ ಮಾತು ಬಿಟ್ಟಿದ್ದೆ. ಆಸ್ಪತ್ರೆಯಿಂದ ಹೇಳಿ ಕಳಿಸಿದಾಗಲೂ ಹೋಗ್ಲಿಲ್ಲ. ನಿನ್ನೆ ಪಾಪನಿವೇದನೆಲಿ ಫಾದರ್ ಹತ್ರ ಎಲ್ಲಾ ಹೇಳ್ದೆ. ಪ್ರಾಯಶ್ಚಿತ್ತಕ್ಕೆ ಐದು ನಮೋ ಮರಿಯಾ ಜಪ ಹೇಳಿ ಅಂದ್ರು. ಅಷ್ಟಕ್ಕೆ ತೀರಿಹೋಗತ್ತಾ? ನೀನು ಬಾಯಿ ಬಿಟ್ರೆ ನನ್ನ ಮೇಲಾಣೆ."

ಗಂಟೆ ಬಡಿಯಿತು. ಅತ್ತೆ ಜಪಸರ ಹಿಡಿದು ಪ್ರಾರ್ಥನಾಲಯದ ಕಡೆ ನಡೆದರು. ಸೊಸೆ ಓಡಿಹೋಗಿ ಊಟದ ಮೇಜಿನ ಮೇಲಿದ್ದ ಸಕ್ಕರೆಯನ್ನು ಒಂದು ಕಾಗದಕ್ಕೆ ಸುರಿದು ಮಡಚಿಕೊಂಡಳು. ಸಿಸ್ಟರಿಗೆ ಹೇಳಿಬಿಡಲೇ ಎಂದು ಬಾಗಿಲವರೆಗೆ ಹೋದಳು, ಕಾಲು ಹಿಂದೆಗೆಯಿತು. ಒಡಹುಟ್ಟಿದವಳ ಜೊತೆಗೇ ಹನ್ನೊಂದು ವರ್ಷ ಮಾತು ಬಿಟ್ಟ ಹೆಂಗಸು. ಸೊಸೆ ಯಾವ ಲೆಕ್ಕ?

ಶಿಲುಬೆ ಹಾದಿ ಶುರುವಾಯಿತು. ಗೋಡೆಯ ಮೇಲೆ ಯೇಸು ಶಿಲುಬೆ ಹೊತ್ತು ಸಾಗಿದ ಹದಿನಾಲ್ಕು ಚಿತ್ರಗಳು. ಒಂದೊಂದರ ಮುಂದೂ ಮೊಣಕಾಲೂರಬೇಕು, ಪ್ರಾರ್ಥನೆ ಹೇಳಿ ಏಳಬೇಕು. ನಾಲ್ಕನೆಯದರ ಹೊತ್ತಿಗೆ ಅತ್ತೆಯ ಮೇಲ್ದುಟಿಯಲ್ಲಿ ಬೆವರು ಮೂಡಿತು. ಸೊಸೆ ಕಾಗದದ ಪೊಟ್ಟಣ ಚಾಚಿದಳು. ಅತ್ತೆ ಕೈ ತಳ್ಳಿದರು. ಆರನೆಯದಕ್ಕೆ ಬೆನ್ನು ಪೂರ್ತಿ ಒದ್ದೆ. ಎಲ್ಲರೂ ಹೇಳುತ್ತಿದ್ದ ಪ್ರಾರ್ಥನೆಗಿಂತ ಅವರ ದನಿ ಒಂದು ಸಾಲು ಹಿಂದೆ ಬಿತ್ತು. ಇನ್ನೊಂದು ಚಿತ್ರ ನೋಡೋಣ, ಇನ್ನೊಂದೇ ಒಂದು, ಎಂದು ಸೊಸೆ ಹಲ್ಲು ಕಚ್ಚಿ ನಿಂತಳು.

ಒಂಬತ್ತನೆಯದರ ಮುಂದೆ ಅತ್ತೆ ಏಳಲೇ ಇಲ್ಲ. ಜಪಸರ ಕೈಯಿಂದ ಜಾರಿತು. ತಲೆಯೆತ್ತಿ ಸೊಸೆಯನ್ನೇ ದಿಟ್ಟಿಸಿದರು.

"ಅಕ್ಕಾ," ಎಂದರು ತೊದಲುತ್ತ. "ಯಾವಾಗ ಬಂದೆ?"

"ನಿಲ್ಲಿಸಿ," ಎಂದಳು ಸೊಸೆ. ಅವಳ ದನಿ ಆ ಕಟ್ಟಡವನ್ನೆಲ್ಲ ತುಂಬಿತು. "ಇವರಿಗೆ ಸಕ್ಕರೆ ಇಳಿದುಹೋಗಿದೆ. ಯಾರಾದ್ರೂ ಬೇಗ ಸಕ್ಕರೆ ನೀರು ತನ್ನಿ."

ಅರವತ್ತು ಮುಖಗಳು ತಿರುಗಿದವು. ಒಬ್ಬ ಸಿಸ್ಟರ್ ಅಡುಗೆಮನೆಗೆ ಓಡಿದರು. ಸೊಸೆ ನೆಲಕ್ಕೆ ಕೂತು ಅತ್ತೆಯನ್ನು ಎದೆಗೆ ಒರಗಿಸಿಕೊಂಡು, ಸಕ್ಕರೆ ಅಂಟಿದ ಬೆರಳನ್ನು ತುಟಿಗೆ ತಂದಳು. ಅತ್ತೆಯ ದವಡೆ ಬಿಗಿಯಿತು.

"ಉಪವಾಸ..."

ಸೊಸೆ ಕ್ಷಣ ತಡೆದಳು. ಎದುರಿಗೆ ಬಲಿಪೀಠ, ಸುತ್ತ ಅಷ್ಟು ಜನ. ಆಮೇಲೆ ಬಗ್ಗಿ ಕಿವಿಯಲ್ಲಿ ಹೇಳಿದಳು: "ಅಕ್ಕ ಹೇಳ್ತಿದೀನಿ, ಪುಟ್ಟಿ. ಬಾಯಿ ತೆಗಿ."

ಅತ್ತೆ ಬಾಯಿ ತೆರೆದರು. ಸೊಸೆ ಕೆನ್ನೆಯ ಒಳಗೆ ಸಕ್ಕರೆ ಸವರಿದಳು. ಲೋಟ ಬಂದ ಮೇಲೆ ಗುಟುಕು ಗುಟುಕಾಗಿ ಕುಡಿಸಿದಳು. ಕಣ್ಣಿಗೆ ಕಳೆ ಬರಲು ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಸೊಸೆ ನಾಡಿಯ ಮೇಲಿಟ್ಟ ಬೆರಳು ತೆಗೆಯಲಿಲ್ಲ.

ಮಧ್ಯಾಹ್ನ ಕೋಣೆಯಲ್ಲಿ ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದ್ದರು. ಫಾದರ್ ಬಂದು, "ಮೊದಲು ಊಟ ಮಾಡಿ, ಅಮ್ಮ. ಮಿಕ್ಕಿದ್ದು ಆಮೇಲೆ ಮಾತಾಡೋಣ," ಎಂದು ಹೇಳಿ ಹೋದರು. ಅತ್ತೆ ಎದ್ದು ಉಂಡರು. ತಟ್ಟೆ ಕೆಳಗಿಟ್ಟ ಮೇಲೆ ಕೇಳಿದರು:

"ಪುಟ್ಟಿ ಅಂತ ಅಕ್ಕ ಒಬ್ಬಳೇ ಕರೀತಿದ್ದದ್ದು. ನಿಂಗೆ ಹೇಗೆ ಗೊತ್ತು?"

ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ದೊಡ್ಡತ್ತೆ ಔಷಧಿ ತಗೊಳ್ಳೋಕೆ ನಮ್ಮ ಅಂಗಡಿಗೇ ಬರ್ತಿದ್ರು. ಪ್ರತಿ ತಿಂಗಳೂ. ನಮ್ಮ ಪುಟ್ಟಿ ಹೇಗಿದಾಳೆ ಅಂತ ಕೇಳ್ತಿದ್ರು. ನಿಮಗೆ ಹೇಳಬೇಡ ಅಂದಿದ್ರು."

ಅತ್ತೆ ಸೊಸೆಯ ಕಡೆ ತಿರುಗಿ ಕೂತರು. ಬಯ್ಯುತ್ತಾರೆ ಎಂದುಕೊಂಡಳು, ಬಯ್ದರೇ ವಾಸಿ ಎನಿಸಿತು.

"ಪ್ರತಿ ತಿಂಗಳೂ ಕೇಳ್ತಿದ್ಲಾ?"

"ಒಂದು ತಿಂಗಳೂ ತಪ್ಪಿಸ್ತಿರ್ಲಿಲ್ಲ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ದೊಡ್ಡ ಕಳ್ಳಿ ನೀನು. ಅವಳ ಮಗಳ ನಂಬರೂ ಇರಬೇಕು ನಿನ್ನ ಹತ್ರ."

"ಇದೆ."

ಫೋನುಗಳನ್ನೆಲ್ಲ ಮೊದಲ ದಿನವೇ ತೆಗೆದಿಟ್ಟುಕೊಂಡಿದ್ದ ಸಿಸ್ಟರ್ ಏನೂ ಕೇಳದೆ ಬೀರು ತೆಗೆದು ಕೊಟ್ಟರು. ನಾಲ್ಕು ಸಲ ರಿಂಗಾಯಿತು. ಆ ಕಡೆಯಿಂದ ಹೆಣ್ಣು ದನಿ ಯಾರು ಎಂದು ಕೇಳಿತು.

"ನಾನು," ಎಂದರು ಅತ್ತೆ. ಸೊಸೆಯ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡರು. "ನಾನು, ನಿನ್ನ ಚಿಕ್ಕಮ್ಮ."

ಆ ಕಡೆಯವಳು ಫೋನ್ ಇಡಲಿಲ್ಲ. ಅವಳು ಉಸಿರಾಡುವ ಸದ್ದು ಅತ್ತೆ ಸೊಸೆ ಇಬ್ಬರಿಗೂ ಕೇಳುತ್ತಿತ್ತು.