ಆಮೆಗೆ ಹೇಳಿದ ಮಾತು

ವೆರ್ನಾ ಮತ್ತು ಅವಳ ಅಳಿಯ ಲೆಸ್ಟರ್ ಒಂಬತ್ತು ವರ್ಷದಿಂದ ಒಂದೇ ಕಡಲತಡಿಯನ್ನು ಕಾಯುತ್ತಿದ್ದರು. ಒಂದು ದಿನವೂ ಮುಖ ಕೊಟ್ಟು ಮಾತಾಡಿದವರಲ್ಲ. ಜಗಳವೇನೂ ಇಲ್ಲ. ನಮ್ಮ ಆರ್ನೆಮ್ ಲ್ಯಾಂಡಿನ ಮೂಲನಿವಾಸಿಗಳಲ್ಲಿ ಅತ್ತೆ ಅಳಿಯಂದಿರು ಒಬ್ಬರನ್ನೊಬ್ಬರು ನೋಡುವುದಿಲ್ಲ, ಹೆಸರು ಹಿಡಿದು ಕರೆಯುವುದಿಲ್ಲ. ಅದು ಮರ್ಯಾದೆ. ಇಬ್ಬರೂ ರೇಂಜರುಗಳು, ಇಬ್ಬರಿಗೂ ಒಂದೇ ಖಾಕಿ ಅಂಗಿ. ನಡುವೆ ಮಾತು ಸಾಗಿಸುವವಳು ವೆರ್ನಾಳ ಮಗಳು, ಲೆಸ್ಟರನ ಹೆಂಡತಿ ಜಾಸ್ಲಿನ್. ಅವಳೂ ರೇಂಜರೇ.

"ನಾನೆಲ್ಲಿಯ ರೇಂಜರು? ನಿಮ್ಮಿಬ್ಬರ ಪೋಸ್ಟ್‌ಮ್ಯಾನು," ಎಂದು ಅವಳು ನಗಾಡುತ್ತಿದ್ದಳು.

ಈ ಏರ್ಪಾಡು ಒಂದು ವರ್ಷದಿಂದ ವೆರ್ನಾಳಿಗೆ ಬಹಳ ಅನುಕೂಲವಾಗಿತ್ತು. ನಾಚಿಕೆಗೇಡಿನ ಅನುಕೂಲ, ಅದು ಅವಳಿಗೂ ಗೊತ್ತು. ಹೋದ ವರ್ಷ ಇದೇ ದಂಡೆಯಲ್ಲಿ ಬಲೆಗೆ ಸಿಕ್ಕ ಒಂದು ಆಮೆಯನ್ನು ಬಿಡಿಸುವಾಗ ಜೀಪು ಗಾಡಿಯ ಹಿಂದಿನ ಎಳೆಯುವ ಕೊಕ್ಕೆಯನ್ನು ಸಿಕ್ಕಿಸಿದವಳು ಅವಳು. ಬಲೆಯ ದಪ್ಪ ಹಗ್ಗಕ್ಕೆ ಹಾಕುವುದು ಬಿಟ್ಟು ಆಮೆಯ ಕೈಗೆ ಸುತ್ತಿದ್ದ ಎಳೆಗೆ ಹಾಕಿಬಿಟ್ಟಿದ್ದಳು. ಲೆಸ್ಟರ್ ಗಾಡಿ ಎಳೆದ. ಆಮೆಯ ಭುಜ ಮುರಿಯಿತು, ಸಂಜೆಯೊಳಗೆ ಸತ್ತಿತು. ಎಲ್ಲರೂ ಲೆಸ್ಟರ್ ಜೋರಾಗಿ ಎಳೆದ ಅಂದರು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ. ಅವನು ತುಟಿ ಬಿಚ್ಚಲಿಲ್ಲ. ಅಂದಿನಿಂದ ಬಲೆ ಎಳೆಯುವ ಕೆಲಸಕ್ಕೇ ಬರಲಿಲ್ಲ, ದಂಡೆಗೆ ಬಂದು ಬಿದ್ದ ಬಾಟಲಿ ಆಯುತ್ತಾ ಉಳಿದ. ವೆರ್ನಾ ಮಗಳ ಕೈಲಿ ಒಂದು ಮಾತು ಹೇಳಿ ಕಳಿಸಬಹುದಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವುದರಲ್ಲೇ ವರ್ಷ ಕಳೆಯಿತು.

ಆ ಬೆಳಿಗ್ಗೆ ಜಾಸ್ಲಿನ್ ಕಸದ ಚೀಲಗಳನ್ನು ದೋಣಿಗೆ ತುಂಬಿಕೊಂಡು ಅಳಿವೆಯ ಆಚೆ ದಡಕ್ಕೆ ಹೊರಟಳು.

"ಅಮ್ಮಾ, ನಾನು ಬರೋವರೆಗೂ ಇಬ್ರೂ ಕಚ್ಚಾಡ್ಬೇಡಿ."

"ಹೋಗೇ, ಬಾಯಿಬಡುಕಿ. ಬೇಗ ಬಾ."

ಅವಳು ಹೋಗಿ ಅರ್ಧ ಗಂಟೆಯಾಗಿರಲಿಲ್ಲ, ವೆರ್ನಾಳಿಗೆ ಬಲೆ ಕಂಡಿತು. ಯಾವ ದೇಶದ್ದೋ ಹಡಗು ಕಡಿದು ಬಿಟ್ಟ ಹಸಿರು ಬಲೆ, ಮುಕ್ಕಾಲು ಭಾಗ ಮರಳಲ್ಲಿ ಹೂತಿತ್ತು. ಅದರ ನಡುವೆ ದೊಡ್ಡದೊಂದು ಹೆಣ್ಣಾಮೆ. ತಲೆಯನ್ನು ಬಲೆ ನೆಲಕ್ಕೆ ಒತ್ತಿ ಹಿಡಿದಿತ್ತು. ಉಬ್ಬರ ಏರುತ್ತಿತ್ತು. ನೀರು ಇನ್ನು ನಾಲ್ಕು ಹೆಜ್ಜೆ ಮುಂದೆ ಬಂದರೆ ಉಸಿರಿಗೆ ತಲೆ ಎತ್ತಲಾಗದೆ ಅದು ಮುಳುಗಿ ಸಾಯುವುದು ಖಂಡಿತ.

ಆಮೆ ವೆರ್ನಾಳ ತಾಯಿಯ ಕುಲಕ್ಕೆ ಸೇರಿದ್ದು. ಹಾಗಾಗಿ ಅವಳಿಗೆ ಅದು ತಾಯಿ.

ಅವಳು ಮೊಣಕಾಲೂರಿ ಚಾಕು ಹಿಡಿದಳು. ಕತ್ತಿನ ಎಳೆಗಳು ಹರಿದವು, ಬಲಗೈ ಬಿಡಿಸಿದ್ದಾಯಿತು. ಆದರೆ ಹೊಟ್ಟೆಯಡಿ ಹೂತ ಗಂಟು ಚಾಕುವಿಗೆ ಸಿಗಲಿಲ್ಲ, ಎಡಗೈಯ ಎಳೆಯೂ ಅದರೊಳಗೇ ಹೋಗಿ ಆಮೆಯನ್ನು ಇನ್ನೂ ನೆಲಕ್ಕೇ ಬಿಗಿದಿತ್ತು. ಎಳೆಯಲು ಗಾಡಿಯೇ ಬೇಕು. ಗಾಡಿ ಇನ್ನೂರು ಹೆಜ್ಜೆ ದೂರದಲ್ಲಿ, ಪಕ್ಕದಲ್ಲಿ ಇತ್ತ ಬೆನ್ನು ಹಾಕಿ ಬಾಟಲಿ ಆಯುತ್ತಿದ್ದ ಅಳಿಯ. ಅಳಿವೆ ತುಂಬಿತ್ತು. ಜಾಸ್ಲಿನಳ ಸುಳಿವಿಲ್ಲ.

ವೆರ್ನಾ ಆಮೆಯ ಕಡೆ ಬಗ್ಗಿ, ಊರಿಗೇ ಕೇಳುವ ದನಿಯಲ್ಲಿ ಹೇಳಿದಳು:

"ಏನ್ ಮಾಡ್ಲಿ ತಾಯಿ, ನನ್ ಕೈಲಾಗಲ್ಲ. ಗಾಡಿ ಹಿಮ್ಮುಖವಾಗಿ ಇಲ್ಲಿಗ್ ಬಂದ್ರೆ ಮಾತ್ರ ನೀನು ಉಳೀತೀಯ."

ದೂರದಲ್ಲಿ ಬಾಟಲಿಗಳ ಸದ್ದು ನಿಂತಿತು. ಆಮೇಲೆ ಗಾಡಿ ಗುರುಗುಟ್ಟಿತು. ಲೆಸ್ಟರ್ ಒಳಗಿನ ಕನ್ನಡಿಯನ್ನು ಚಾವಣಿಗೆ ತಿರುಗಿಸಿ, ಹೊರಗಿನವನ್ನು ಮಡಚಿ, ಕುತ್ತಿಗೆ ಒಂದಿಷ್ಟೂ ಹೊರಳಿಸದೆ ಹಿಮ್ಮುಖವಾಗಿ ಬಂದ. ಕುರುಡು ಗಾಡಿ ನೇರ ಆಮೆಯ ಮೇಲೇ ಬರುತ್ತಿತ್ತು.

"ತಾಯಿ, ಸಮುದ್ರದ ಕಡೆ ಸರಿ. ಇನ್ನೂ ಸರಿ. ಹಾಂ, ಈಗ ನೇರ ಬಾ. ಮೆತ್ತಗೆ. ಸಾಕು ತಾಯಿ, ನಿಲ್ಲು."

ಆಮೆ ಅಲ್ಲಾಡಲಿಲ್ಲ. ಗಾಡಿ ಹೇಳಿದ ಹಾಗೆ ಸರಿದು ನಿಂತಿತು.

ಅವಳು ಕೊಕ್ಕೆ ಕೈಗೆತ್ತಿಕೊಂಡಳು. ಮರಳು ಬಗೆದು ದಪ್ಪ ಹಗ್ಗ ಹುಡುಕಿದಳು, ಬೆರಳಾಡಿಸಿ ಅದು ಎಡಗೈಯ ಎಳೆಯಲ್ಲ ಎಂದು ಮೂರು ಸಲ ನೋಡಿ ಕೊಕ್ಕೆ ಸಿಕ್ಕಿಸಿದಳು. ನೀರು ಆಗಲೇ ಆಮೆಯ ಗಲ್ಲಕ್ಕೆ ಬಡಿಯುತ್ತಿತ್ತು.

"ಹೊರಡು ತಾಯಿ," ಎಂದಳು.

ಗಾಡಿ ಹೊರಡಲಿಲ್ಲ. ಇಂಜಿನ್ ಓಡುತ್ತಿತ್ತು, ಅಷ್ಟೇ. ಅವನು ಎಳೆಯಲು ಹೆದರುತ್ತಿದ್ದಾನೆಂದು ವೆರ್ನಾಳಿಗೆ ತಿಳಿಯಿತು. ಆ ಭಯ ಅವನಿಗೆ ಕೊಟ್ಟವಳು ತಾನೇ. ಒಂದು ಅಲೆ ಬಂದು ಆಮೆಯ ಕಣ್ಣು ಮುಚ್ಚಿ ಹೋಯಿತು.

ಇನ್ನು ಬಚ್ಚಿಡಲು ಹೊತ್ತಿರಲಿಲ್ಲ.

"ಕೇಳು ತಾಯಿ," ಎಂದಳು. "ಹೋದ ವರ್ಷ ನಿನ್ ಅಕ್ಕ ಸತ್ತಿದ್ದು ಗಾಡಿ ಎಳೆದವನಿಂದ ಅಲ್ಲ. ಕೊಕ್ಕೆ ತಪ್ಪಾಗಿ ಹಾಕಿದ್ದು ನಾನು. ನನ್ ಕೈ ಮಾಡಿದ್ದು. ಬೈಗುಳ ತಿಂದಿದ್ದು ಬೇರೆಯವ್ರು, ನಾನು ಬಾಯಿ ಮುಚ್ಕೊಂಡು ಕೂತೆ. ಇವತ್ತು ಸರಿಯಾಗಿ ಹಾಕಿದೀನಿ. ಹೆದರ್ಬೇಡ. ಹೊರಡು."

ಗಾಡಿ ಅಂಗುಲ ಅಂಗುಲವಾಗಿ ಹೊರಟಿತು. ಹಗ್ಗ ಬಿಗಿಯಿತು. ಮರಳು ಸೀಳಿ ಗಂಟು ಮೇಲೆ ಬಂದದ್ದೇ, "ಸಾಕು ತಾಯಿ," ಎಂದು ಕೂಗಿ ಕೊನೆಯ ಎಳೆಗೆ ಚಾಕು ಹಾಕಿದಳು. ಆಮೆ ಒಮ್ಮೆ ದೀರ್ಘವಾಗಿ ಉಸಿರು ಬಿಟ್ಟಿತು. ಎರಡೂ ಕೈಯಿಂದ ಮರಳು ತಳ್ಳುತ್ತಾ ನೀರಿಗಿಳಿಯಿತು. ನಾಲ್ಕನೆಯ ಅಲೆಗೆ ಬೆನ್ನಿನ ಚಿಪ್ಪೂ ಕಾಣಲಿಲ್ಲ.

ಲೆಸ್ಟರ್ ಬಲೆಯನ್ನು ಎಳೆದುಕೊಂಡೇ ಗಾಡಿ ಓಡಿಸಿ ಪೊದೆಗಳ ಹತ್ತಿರ ನಿಲ್ಲಿಸಿದ. ಇಳಿಯಲಿಲ್ಲ, ತಿರುಗಲಿಲ್ಲ. ವೆರ್ನಾ ಒದ್ದೆ ಮರಳ ಮೇಲೆ ನಿಂತಳು. ಅವನು ಏನೆಂದುಕೊಂಡನೋ ಎಂಬ ಸಂಕಟದಲ್ಲಿ ಆಮೆ ಉಳಿದ ಖುಷಿಯೂ ಅವಳಿಗೆ ಆಗಲಿಲ್ಲ.

ಜಾಸ್ಲಿನ್ ಬಂದದ್ದು ಆಮೇಲೆ. ಮೊದಲು ಗಂಡನ ಹತ್ತಿರ ಹೋಗಿ ಕಿಟಕಿಯಲ್ಲಿ ಮಾತಾಡಿದಳು, ಬಳಿಕ ಹುಬ್ಬು ಗಂಟಿಕ್ಕಿಕೊಂಡು ತಾಯಿಯ ಬಳಿ ಬಂದಳು.

"ಅಮ್ಮಾ, ಏನಿದು? ನನಗಂತೂ ತಲೆಬುಡ ಗೊತ್ತಾಗ್ಲಿಲ್ಲ. ಹಾಗೇ ಹೇಳು ಅಂದ, ಹೇಳ್ತೀನಿ. ಹೋದ ವರ್ಷ ಆಮೆ ಸತ್ತ ದಿನ ಗಾಡಿಯಿಂದ ಇಳಿದು ಕೊಕ್ಕೆ ಬಿಚ್ಚಿದವನು ಅವನೇ ಅಂತೆ. ಅದು ಎಲ್ಲಿ ಸಿಕ್ಕಿತ್ತು ಅಂತ ಆವತ್ತೇ ನೋಡಿದ್ನಂತೆ."

ವೆರ್ನಾ ಮಗಳ ಭುಜ ಹಿಡಿದು ಮೆಲ್ಲಗೆ ಮರಳ ಮೇಲೆ ಕುಳಿತುಕೊಂಡು, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು.