ಮೂರು ಹಲ್ಲಿನ ಗುರುತು

ರಾಳದ ವಾಸನೆ, ಮೂಗಿನ ತುದಿಗೇ ಬಂದು ಕೂತಿದೆ, ಸೀನು ಬರುವ ಹಾಗಿದೆ, ಈಗ ಸೀನಬಾರದು, ಸೀನಿದರೆ ಕಾಗದದ ಮೇಲೆ ಉದುರಿಸಿದ ರಾಳದ ಪುಡಿಯೆಲ್ಲ ಹಾರಿಹೋಗುತ್ತದೆ — ಅವನು ಉಸಿರು ಬಿಗಿಹಿಡಿದು, ಪುಡಿ ಮೆತ್ತಿದ ಕಾಗದವನ್ನು ರೈಫಲ್ಲಿನ ನಳಿಕೆಯ ಬುಡಕ್ಕೆ ಒಂದು ಸುತ್ತು ಸುತ್ತಿದ, ಒಂದೇ ಸುತ್ತು, ಎರಡಾದರೆ ಜಾರುತ್ತದೆ, ಕೆಲಸ ಕಲಿಸಿದ ಗುರುಗಳು ಹೇಳುತ್ತಿದ್ದರು, ಮಗುವಿಗೆ ಬಟ್ಟೆ ಸುತ್ತಿದ ಹಾಗೆ ಕಣೋ, ಬಿಗಿಯಾಗೂ ಇರಬೇಕು, ಅದು ಅಳಲೂಬಾರದು. ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಅತ್ತೆ ಕೂತಿದ್ದಾರೆ, ಅರವತ್ತೊಂದು ವರ್ಷ, ಬೆನ್ನು ಇನ್ನೂ ನೇರ, ಕೈಯಲ್ಲಿ ಚಹಾದ ಲೋಟ, ಲೋಟದೊಳಗೆ ಚಹಾ ಅಲುಗುವುದೇ ಇಲ್ಲ, ಮುನ್ನೂರು ಮೀಟರ್ ದೂರದ ಹಲಗೆಯಲ್ಲಿ ಅಂಗೈಯಗಲದ ಸುತ್ತಿನೊಳಗೆ ಗುಂಡಿನ ಮೇಲೆ ಗುಂಡು ಕೂರಿಸುವ ಕೈ ಅದು, ಅದೇ ಕೈ ತನ್ನ ಮದುವೆಯಲ್ಲಿ ತಲೆ ಮುಟ್ಟಿ ಹರಸಿದ್ದು ಅಂತ ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. ನಳಿಕೆಯ ಬುಡ ಸವೆದಿದೆ, ತಿರುಪು ಬಿಚ್ಚಿ, ಒಂದಿಷ್ಟು ಕೊಯ್ದು, ತಿರುಗಿ ಕೂರಿಸಬೇಕು. ಹೊಸ ನಳಿಕೆಯನ್ನೇ ಹಾಕಿಕೊಡ್ತೀನಿ ಅತ್ತೆ ಅಂದರೆ ಬೇಡವಂತೆ. ಇದೇ ಇರಲಿ ಅಳಿಯಂದಿರೇ, ಎಷ್ಟು ಹೊತ್ತಾದರೂ ಆಗಲಿ, ಹೊಸದಾಗಿ ಒಂದು ಗೀರೂ ಬೀಳದ ಹಾಗೆ ನೋಡಿಕೊಳ್ಳಿ, ಅಷ್ಟೇ. ಹೊಸದಾಗಿ — ಆ ಮಾತು ಬೇಕಂತಲೇ ಅಂದರೋ, ಬಾಯಿಗೆ ಬಂತೋ. ಅಂತೂ ಹಳೆಯದು ಅವರಿಗೆ ನೆನಪಿದೆ.

ನೆನಪಿರದೆ ಏನು, ಇಪ್ಪತ್ತೆರಡು ವರ್ಷದ ಹಿಂದೆ, ಮದುವೆಯಾಗಿ ತಿಂಗಳೂ ತುಂಬಿರಲಿಲ್ಲ, ಹೊಸ ಅಳಿಯನ ಕೈಗುಣ ನೋಡೋಣ ಅಂತ ಅತ್ತೆ ತಾವಾಗಿಯೇ ಇದೇ ರೈಫಲ್ ತಂದುಕೊಟ್ಟಿದ್ದರು, ಗುರುಗಳು ಅವತ್ತು ಅಂಗಡಿಯಲ್ಲಿರಲಿಲ್ಲ, ಇವನೋ ಮಹಾ ಶುಚಿಗಾರ, ನಳಿಕೆ ಹಿಡಿಯುವ ಮರದ ಅಚ್ಚಿನ ಎರಡು ಹೋಳನ್ನೂ ಫಳಫಳ ಒರೆಸಿಟ್ಟ, ಎಣ್ಣೆ ಬಟ್ಟೆಯಲ್ಲಿ! ಒಂದು ಹನಿ ಎಣ್ಣೆ ಸಾಕು, ಅಚ್ಚಿನ ಹಿಡಿತ ಹೋಯಿತು, ವ್ರೆಂಚಿಗೆ ಜೋತುಬಿದ್ದಷ್ಟೂ ನಳಿಕೆ ಅಚ್ಚಿನೊಳಗೇ ಗರಗರ ತಿರುಗಿತು, ಬೆವರು ಕಣ್ಣಿಗಿಳಿಯಿತು, ಬಾಗಿಲಲ್ಲಿ ಹೆಂಡತಿ, ರೀ, ಅಮ್ಮ ಬಂದುಬಿಡ್ತಾರೆ, ಆಯ್ತಾ, ಆಯ್ತು ಆಯ್ತು ಅನ್ನುತ್ತಲೇ ಅಚ್ಚನ್ನು ಕಿತ್ತೆಸೆದು ನಳಿಕೆಯನ್ನು ವೈಸಿನ ಹಲ್ಲುಹಲ್ಲಿನ ಬರೀ ಉಕ್ಕಿನ ದವಡೆಗೆ ಕೊಟ್ಟುಬಿಟ್ಟ. ಬಿಚ್ಚಿಕೊಂಡಿತು, ಸಲೀಸಾಗಿ ಬಿಚ್ಚಿಕೊಂಡಿತು, ಕರಿನೀಲಿ ಉಕ್ಕಿನ ಮೇಲೆ ಮೂರು ಹಲ್ಲಿನ ಗುರುತು, ಸಾಲಾಗಿ, ಬೆಳ್ಳಗೆ. ಗುರುಗಳು ಸಂಜೆ ಬಂದು ನೋಡಿ, ಇಲಿ ಕಚ್ಚಿತೇನೋ, ಅಂದರು. ಅತ್ತೆ ಹೆಬ್ಬೆರಳಿನಿಂದ ಒಮ್ಮೆ ಸವರಿ ನೋಡಿ, ಚೀಲಕ್ಕೆ ಹಾಕಿಕೊಂಡು ಹೊರಟುಹೋದರು. ಬೈದಿದ್ದರೆ ಅವತ್ತೇ ಮುಗಿಯುತ್ತಿತ್ತು. ಆಮೇಲೆ ಅಮ್ಮನ ಪಂದ್ಯ ಇದೆ ಬನ್ನಿ ಅಂತ ಹೆಂಡತಿ ಕರೆದಾಗಲೆಲ್ಲ ಇವನಿಗೆ ಕೆಲಸವೋ ಕೆಲಸ, ಒಮ್ಮೆಯೂ ಹೋಗಿಲ್ಲ, ಆ ಮೂರು ಹಲ್ಲು ಹೊತ್ತು ಅವರು ಮೈದಾನಕ್ಕಿಳಿಯುವುದನ್ನು ನೋಡಲು ಮುಖವೆಲ್ಲಿತ್ತು. ಇವತ್ತು ಅಳಿಸಿಬಿಡಬೇಕು — ಅಂಗಿ ಜೇಬಿನಲ್ಲಿ ನುಣುಪು ಉಪ್ಪುಕಾಗದ, ಮೇಜಿನ ಮೇಲೆ ಉಕ್ಕಿಗೆ ಹಚ್ಚುವ ಕರಿನೀಲಿ ಬಣ್ಣದ ಶೀಷೆ, ಬೆಳಿಗ್ಗೆಯೇ ತಂದಿಟ್ಟಿದ್ದಾನೆ.

ಸ್ಪಿರಿಟ್ಟಿನಲ್ಲಿ ಮೂರು ಸಲ ಒರೆಸಿದ್ದಾಯಿತು, ನಳಿಕೆ, ಅಚ್ಚು, ತನ್ನ ಬೆರಳು ಕೂಡ, ಎಣ್ಣೆಯ ಸುಳಿವಿಲ್ಲ, ಸಿಕ್ಕಿಕೊಂಡ ಉಕ್ಕಿನ ಪುಡಿಯಿಲ್ಲ, ಅಚ್ಚಿನ ಹೋಳು ಎರಡೂ ಕಡೆ ಕೂತವು, ವೈಸು ಬಿಗಿಯಿತು, ಇನ್ನೊಂದು ಎಳೆ, ಇನ್ನೊಂದು, ಸಾಕು. ರೈಫಲ್ಲಿನ ಒಡಲಿಗೆ ವ್ರೆಂಚು ತೊಡಿಸಿ ಮೈಭಾರ ಬಿಟ್ಟ. ಅಲುಗಲಿಲ್ಲ. ಉಕ್ಕು ಅಲುಗಲಿಲ್ಲ ಸರಿ, ಒಳಗಿನ ಕಾಗದವೂ ಅಲುಗಲಿಲ್ಲವಲ್ಲ, ಮಗುವೂ ಹರಿದು ಎಸೆಯುವ ಕಾಗದ, ಪಿಟೀಲಿನ ಕಮಾನಿಗೆ ಉಜ್ಜುವ ರಾಳ, ಇವೆರಡು ಸೇರಿ ಒಂದಾಳಿನ ಭಾರವನ್ನು ತಡೆದು ನಿಂತಿವೆ, ಇಷ್ಟು ವರ್ಷ ಮಾಡಿದರೂ ಪ್ರತಿ ಸಲ ಇಲ್ಲಿ ಬಾಯಿ ತೆರೆದುಕೊಂಡು ನಿಲ್ಲುವುದೇ ಆಯಿತು, ಎಂಥ ಸೋಜಿಗವಪ್ಪ ಇದು, ಇನ್ನೊಮ್ಮೆ ಬಿಟ್ಟ, ಟಣ್! ಅತ್ತೆಯ ಲೋಟದಲ್ಲಿ ಚಹಾ ಈಗಲೂ ಅಲುಗಲಿಲ್ಲ. ನಳಿಕೆ ಬಿಚ್ಚಿಕೊಂಡಿದೆ. ಅಚ್ಚು ತೆರೆದು ಕಾಗದ ಬಿಡಿಸಿದ, ಬೆಳಕಿಗೆ ಹಿಡಿದು ತಿರುಗಿಸಿದ, ಗೀರಿಲ್ಲ, ಒಂದೂ ಇಲ್ಲ, ಕಾಗದದ ಮೇಲೆ ಮಾತ್ರ ಮೂರು ಚುಕ್ಕೆ ಒತ್ತಿಕೊಂಡಿವೆ, ಆ ಮೂರೇ, ಸಾಲಾಗಿ.

ನಳಿಕೆಯ ಮೇಲೆ ಅವು ಬೇರೆ ಥರ ಇವೆ. ಅಂಚು ಸವೆದಿದೆ, ಸುತ್ತಲಿನ ಬಣ್ಣ ಹೋಗಿ ಬೆಳ್ಳಿಯಂತೆ ಹೊಳೆಯುತ್ತಿದೆ, ಯಾರೋ ದಿನವೂ ಉಜ್ಜಿದ ಹಾಗೆ — ಯಾರು ಉಜ್ಜಿದರು, ಯಾಕೆ, ಇರಲಿ, ಉಪ್ಪುಕಾಗದ ಜೇಬಿನಿಂದ ಕೈಗೆ ಬಂತು, ಅತ್ತೆ, ಇದನ್ನೊಂದು ಉಜ್ಜಿಬಿಡ್ತೀನಿ. ಯಾವುದನ್ನ? ಅದೇ, ಅವತ್ತು ನಾನು ಮಾಡಿದ್ದು, ನನ್ನ ತಪ್ಪು ಅತ್ತೆ, ಇಪ್ಪತ್ತೆರಡು ವರ್ಷ ಹೊತ್ತುಕೊಂಡಿದ್ದ ಮಾತು ಇಷ್ಟು ಸಣ್ಣದೇ. ಅಯ್ಯೋ ಅಳಿಯಂದಿರೇ, ಅದನ್ನ ಅಳಿಸಿದರೆ ನಾನು ಉಸಿರು ಎಣಿಸೋದು ಹೇಗೆ, ಲೋಟ ಕೆಳಗಿಟ್ಟು ಎದ್ದು ಬಂದರು, ಮೊದಮೊದಲು ಬೈಕೊಂಡೆ ಬಿಡಿ, ಸುಳ್ಳು ಯಾಕೆ ಹೇಳಲಿ, ಆದರೆ ಮುಂಚೆ ಕೊನೇ ಗುಂಡಿಗೆ ನನ್ನ ಕೈ ನಡುಗೋದು, ಉಸಿರು ಮಾತೇ ಕೇಳ್ತಿರಲಿಲ್ಲ, ಒಂದಿನ ಹೆಬ್ಬೆರಳು ತಾನಾಗಿ ಇಲ್ಲಿಗೆ ಬಂತು, ಹಲ್ಲಿಗೊಂದು ಉಸಿರು, ಮೂರಾದ ಮೇಲೆ ಗುಂಡು, ಅವತ್ತಿಂದ ನಡುಗಿಲ್ಲ ನೋಡಿ, ನೀವು ಒಂದು ಸಲವಾದರೂ ಬಂದಿದ್ದರೆ ಕಾಣ್ತಿತ್ತು. ಒಂದು ಸಲವಾದರೂ. ಕೊಯ್ದು ಕೂರಿಸಿದ ಮೇಲೆ ಇವು ಪಕ್ಕಕ್ಕೆ ಸರಿಯೋದಿಲ್ಲ ತಾನೇ? ಇಲ್ಲ ಅತ್ತೆ, ತಿರುಪಿನ ಪೂರ್ತಿ ಒಂದು ಸುತ್ತಿನಷ್ಟೇ ಕೊಯ್ತೀನಿ, ತಿರುಗಿ ಅಲ್ಲಿಗೇ ಬರ್ತವೆ, ಕೂದಲೆಳೆಯಷ್ಟೂ ಸರಿಯದ ಹಾಗೆ, ದನಿ ತನ್ನದೇ ಹೌದೋ ಅಲ್ಲವೋ, ಉಪ್ಪುಕಾಗದ ಎಲ್ಲಿ ಬಿತ್ತೋ, ಅತ್ತೆ ಕಣ್ಣು ಮುಚ್ಚಿದ್ದಾರೆ, ಹೆಬ್ಬೆರಳು ಉಕ್ಕಿನ ಮೇಲೆ ಇಳಿಯುತ್ತಿದೆ, ಮೊದಲನೆಯ ಹಲ್ಲು, ಉಸಿರು, ಎರಡನೆಯದು, ಉಸಿರು, ಅವನ ಉಸಿರೂ ಅದರ ಜೊತೆಗೇ, ಮೂರನೆಯ ಹಲ್ಲು, ಅದರ ಮೇಲೆ ಆ ಹೆಬ್ಬೆರಳು. ಮೂರನೆಯ ಹಲ್ಲು. ಆ ಹೆಬ್ಬೆರಳು.