ಬಾಗಿಲಿಲ್ಲದ ಕೋಣೆಯ ಕ್ಯಾಮೆರಾ

ಮನೆಗೆಲಸದ ಅಸ್ಕಲೆ ಮಲಗುವ ಕೋಣೆಯ ಬಾಗಿಲನ್ನು ಕೀಲಿನಿಂದ ಬಿಚ್ಚಿ, ತಾರಸಿಯ ನೀರಿನ ಟ್ಯಾಂಕಿಗೆ ಒರಗಿಸಿಟ್ಟಿದ್ದರು. ಅವಳ ಹಾಸಿಗೆಯ ಎದುರಿನ ಗೋಡೆಗೆ ಒಂದು ಕ್ಯಾಮೆರಾ ಹೊಡೆದಿದ್ದರು.

ಜಾಬ್ರಿಯಾ ಬಡಾವಣೆಯ ಆ ಮನೆಯೊಳಗೆ ಕಾಲಿಡುವಾಗ ಮುಜ್ನಾಳಿಗೆ ಇದಾವುದೂ ಗೊತ್ತಿರಲಿಲ್ಲ. ಅವಳು ರಿಪೇರಿ ಕೆಲಸಕ್ಕಿದ್ದ ಎಲೆಕ್ಟ್ರಾನಿಕ್ಸ್ ಅಂಗಡಿಯ ಮೇಲ್ವಿಚಾರಕ ಸಮೀಹ್ ಹೇಳಿ ಕಳಿಸಿದ್ದು ಇಷ್ಟೇ: "ಹೊಸ ಕ್ಯಾಮೆರಾಗಳಂತೆ, ಮನೆಯ ಸ್ಮಾರ್ಟ್ ಹೋಮ್ ಜತೆ ಸೇರ್ತಾನೇ ಇಲ್ವಂತೆ. ಮನೆಯೊಡತಿ ಸಂಜೆ ಇಸ್ತಾಂಬುಲ್‌ಗೆ ಹೊರಟಿದ್ದಾಳೆ. ವಿಮಾನ ಹತ್ತೋ ಮೊದಲು ಅವಳ ಫೋನಲ್ಲಿ ಮನೆ ಪೂರ್ತಿ ಕಾಣ್ಬೇಕು. ಕಾಣ್ಲಿಲ್ಲ ಅಂದ್ರೆ ನೀನು ಅಂಗಡಿ ಮೆಟ್ಟಿಲು ಹತ್ಬೇಡ." ಹೆಂಗಸರಿರುವ ಒಳಮನೆಗೆ ಪರಗಂಡಸು ಹೋಗುವಂತಿಲ್ಲ. ಹಾಗಾಗಿ ಇಂಥ ಕರೆಗಳೆಲ್ಲ ಮುಜ್ನಾಳ ಪಾಲಿಗೇ ಬರುತ್ತಿದ್ದವು.

ಒಡತಿ ಉಮ್ ಜರ್ರಾಹ್ ಹಜಾರದ ಸೋಫಾದಲ್ಲಿ ಕಾಲು ಚಾಚಿ ಕೂತಿದ್ದಳು. ನೆಲದ ಮೇಲೆ ಅಸ್ಕಲೆ ಉಬ್ಬಿದ ಸೂಟ್‌ಕೇಸಿನ ಮೇಲೆ ಮಂಡಿಯೂರಿ ಜಿಪ್ಪು ಎಳೆಯುತ್ತಿದ್ದಳು.

"ಬಾ ಮಗಳೇ, ಬಾ. ನನ್ನ ಜೀವ ಅರ್ಧ ಆಗಿದೆ. ನನ್ನ ಮಗ ಜರ್ರಾಹ್ ವಾರವಿಡೀ ಒದ್ದಾಡಿದ. ಕ್ಯಾಮೆರಾದಲ್ಲಿ ದೀಪ ಉರಿಯುತ್ತೆ, ಫೋನಲ್ಲಿ ನೋಡಿದ್ರೆ ಕಗ್ಗತ್ತಲೆ." ಉಮ್ ಜರ್ರಾಹ್ ಸೂಟ್‌ಕೇಸಿನ ಕಡೆ ಗದ್ದ ತೋರಿಸಿದಳು. ದನಿ ತಗ್ಗಿಸುವ ಗೋಜಿಗೇ ಹೋಗಲಿಲ್ಲ. "ಯಾರ ಕೈವಾಡ ಅಂತ ನಂಗೊತ್ತು. ಈ ನೂರಾನೇ ಎಲ್ಲೋ ವಯರು ಕಿತ್ತಿರ್ತಾಳೆ. ಅದೊಂದು ಖಾತ್ರಿ ಮಾಡ್ಕೊಡು. ವಿಮಾನಕ್ಕೆ ಹೋಗೋ ದಾರೀಲೇ ಇವಳನ್ನ ಕೆಲಸಕ್ಕೆ ಕಳಿಸಿದ ಏಜೆಂಟನ ಬಾಗಿಲಿಗೇ ವಾಪಸ್ ಇಳಿಸಿ ಹೋಗ್ತೀನಿ."

ನೂರಾ ಎಂಬುದು ಅಸ್ಕಲೆಗೆ ಆ ಮನೆ ಕೊಟ್ಟ ಹೆಸರು. ಅವಳಿಗಿಂತ ಮೊದಲು ಇಥಿಯೋಪಿಯಾದಿಂದ ಬಂದಿದ್ದವಳೂ ನೂರಾ. ಅವಳಿಗಿಂತ ಮೊದಲು ಸಿಲೋನಿನಿಂದ ಬಂದಿದ್ದವಳೂ ನೂರಾ. ಕೂಗಿ ಕೂಗಿ ಅಭ್ಯಾಸವಾದ ಹೆಸರನ್ನು ಹೆಂಗಸು ಬದಲಾದಳೆಂದು ಬದಲಿಸುವ ತೊಂದರೆ ಯಾರಿಗೆ ಬೇಕು?

ಮುಜ್ನಾ ಏಣಿ ತರಿಸಿ ಗೇಟಿನ ಕ್ಯಾಮೆರಾದಿಂದ ಶುರುಮಾಡಿದಳು. ಪ್ಲಗ್ಗು ಕಿತ್ತು, ತುಸು ಹೊತ್ತು ಬಿಟ್ಟು ಮತ್ತೆ ಚುಚ್ಚಿದಳು. ಕೆಂಪು ದೀಪ ಮಿಣುಕಿ ನೀಲಿಗೆ ತಿರುಗಿ ನಿಂತಿತು. ನೀಲಿ ಎಂದರೆ ಕ್ಯಾಮೆರಾ ಯಾವುದೋ ವೈಫೈಗೆ ಸೇರಿಕೊಂಡಿದೆ, ವಯರಿನಲ್ಲಿ ದೋಷವಿಲ್ಲ. ಆದರೂ ಮನೆಯ ದೀಪ, ಎ.ಸಿ., ಬೀಗಗಳನ್ನೆಲ್ಲ ಆಳುವ ಹಜಾರದ ಬಿಳಿ ಡಬ್ಬಿ ಮಾತ್ರ ಅಂಥದ್ದೊಂದು ಕ್ಯಾಮೆರಾ ಇದೆಯೆಂದೇ ಒಪ್ಪುತ್ತಿರಲಿಲ್ಲ. ಅಂಗಳದ್ದೂ ಹಾಗೆಯೇ, ಅಡುಗೆಮನೆಯದ್ದೂ ಹಾಗೆಯೇ. ಡಬ್ಬಿಯನ್ನು ಆರಿಸಿ ಹೊತ್ತಿಸಿದರೂ ಅದೇ ಹಾಡು. ಅವಳ ಬೆನ್ನ ಹಿಂದೆ ಉಮ್ ಜರ್ರಾಹ್ ಕೈಗಡಿಯಾರ ನೋಡುವ ಬಳೆಸದ್ದು ಹೆಚ್ಚುತ್ತ ಹೋಯಿತು. "ವಯರು ತಾನೇ? ಹೇಳಿಬಿಡು" ಎಂದು ಮತ್ತೆ ಮತ್ತೆ ಕೇಳಿದಳು.

"ನಿಮ್ಮನೆ ವೈಫೈ ಪಾಸ್‌ವರ್ಡ್ ಏನು, ಖಾಲಾ?"

ಉಮ್ ಜರ್ರಾಹ್ ನಕ್ಕುಬಿಟ್ಟಳು. "ಅದನ್ನ ನನ್ನ ಕೇಳ್ತೀಯಾ? ಬೀದೀಲಿ ಹೋಗೋರನ್ನ ಕೇಳು, ಹೇಳ್ತಾರೆ. ದಿವಾನಿಯಾಕ್ಕೆ ಬಂದೋರಿಗೆ ನನ್ನ ಗಂಡ ಕಹ್ವಾ ಕಾಫಿಗಿಂತ ಮೊದಲು ಕೊಡೋದು ಅದನ್ನೇ."

ಮುಜ್ನಾ ಏಣಿಯ ಮೇಲೇ ನಿಂತುಬಿಟ್ಟಳು. ದಿವಾನಿಯಾ ಎಂದರೆ ಮನೆಯ ಮುಂಭಾಗದಲ್ಲಿ ಸಂಜೆಯಾದರೆ ಊರ ಗಂಡಸರು ಬಂದು ಕೂಡುವ ಚಾವಡಿ. ಅಲ್ಲಿಗೆ ಬಂದವನಿಗೆ ಪಾಸ್‌ವರ್ಡ್ ಇಲ್ಲವೆಂದರೆ ನೀರು ಇಲ್ಲವೆಂದಷ್ಟೇ ಅವಮಾನ. ಅದಕ್ಕಾಗಿಯೇ ಇಲ್ಲಿನ ಮನೆಗಳಲ್ಲಿ ನೆಂಟರ ವೈಫೈ ಬೇರೆ, ಮನೆಯದ್ದು ಬೇರೆ.

"ಅದು ನೆಂಟರದ್ದು, ಖಾಲಾ. ಮನೆದು ಅಂತ ಇನ್ನೊಂದು ಇರುತ್ತೆ. ಯಜಮಾನರನ್ನ ಕೇಳಿ."

ಯಜಮಾನ ದಿವಾನಿಯಾದಿಂದಲೇ ಫೋನಿನಲ್ಲಿ ಗೊಣಗುತ್ತ ಇನ್ನೊಂದು ಹೆಸರು, ಇನ್ನೊಂದು ಪಾಸ್‌ವರ್ಡ್ ಹೇಳಿದ. ಮುಜ್ನಾ ಏಣಿಯಿಂದ ಇಳಿದಳು.

"ನಿಮ್ಮ ಮಗ ಕ್ಯಾಮೆರಾನೆಲ್ಲ ನೆಂಟರ ಸಾಲಲ್ಲಿ ಕೂರಿಸಿದ್ದಾನೆ. ಬಿಳಿ ಡಬ್ಬಿ ಇರೋದು ಒಳಮನೆ ಸಾಲಲ್ಲಿ. ನೆಂಟರು ಒಳಗೆ ಇಣುಕಬಾರ್ದು ಅಂತ ನಡುವೆ ಪರದೆ ಎಳೆದಿರುತ್ತೆ. ಇದಕ್ಕೆ ಅದು ಕಾಣಲ್ಲ, ಅದಕ್ಕೆ ಇದು ಕಾಣಲ್ಲ."

ಉಮ್ ಜರ್ರಾಹ್ ಎದೆ ಹಿಡಿದುಕೊಂಡಳು. "ಅಯ್ಯೋ ದೇವರೇ! ಹಾಗಾದ್ರೆ ದಿವಾನಿಯಾದ ಗಂಡಸರಿಗೆಲ್ಲ ನನ್ನ ಅಡುಗೆಮನೆ ಕಾಣ್ತಿತ್ತಾ? ತಲೆ ಮೇಲೆ ಬಟ್ಟೆ ಇಲ್ದೆ ಓಡಾಡ್ತೀನಲ್ಲೇ ನಾನು!"

"ಇಲ್ಲ, ಕಾಣಲ್ಲ. ಪರದೆ ಇರೋದೇ ಅದಕ್ಕೆ."

"ಅಲ್‌ಹಮ್ದುಲಿಲ್ಲಾ! ಮನೆ ಅಂದ್ಮೇಲೆ ಪರದೆ ಇರ್ಬೇಕು."

"ಅಂದ್ರೆ ವಯರು ಯಾರೂ ಕಿತ್ತಿಲ್ಲ" ಎಂದಳು ಮುಜ್ನಾ, ಬೇಕೆಂದೇ ಜೋರಾಗಿ. ಜಿಪ್ಪಿನ ಮೇಲಿದ್ದ ಅಸ್ಕಲೆಯ ಕೈ ಒಂದು ಗಳಿಗೆ ನಿಂತು ಮುಂದಕ್ಕೆ ಹೋಯಿತು.

"ಆಯ್ತಾಯ್ತು. ಬೇಗ ಮುಗಿಸು."

ಮುಂದಿನದು ಸಲೀಸು. ಕ್ಯಾಮೆರಾದ ಬೆನ್ನಿನ ಗುಂಡಿಯನ್ನು ದೀಪ ಕೆಂಪಾಗುವವರೆಗೆ ಒತ್ತಿ ಹಿಡಿದು, ಹಳೆಯದನ್ನು ಮರೆಸಿ, ಮನೆಯ ವೈಫೈಗೆ ಸೇರಿಸಿದರೆ ಬಿಳಿ ಡಬ್ಬಿ ತಾನೇ ಕರೆದುಕೊಳ್ಳುತ್ತಿತ್ತು. ಗೇಟು ಬಂತು, ಅಂಗಳ ಬಂತು, ಮೆಟ್ಟಿಲು ಬಂತು. ಅಡುಗೆಮನೆ ಬಂದಾಗ ಉಮ್ ಜರ್ರಾಹ್ ಮಗುವಿನಂತೆ ಹಿಗ್ಗಿ, ಒಲೆಯ ಮೇಲಿದ್ದ ಮಜ್ಬೂಸ್ ಅನ್ನದ ಪಾತ್ರೆಯನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿದಳು. ಫೋನಿನಲ್ಲಿ ಒಂದೇ ಒಂದು ಬೂದು ಚೌಕ ಉಳಿಯಿತು. ಅದರ ಹೆಸರು 'ನೂರಾ'. ನೋಡಬಲ್ಲವರು: ಉಮ್ ಜರ್ರಾಹ್, ಜರ್ರಾಹ್.

"ಇದೆಲ್ಲಿದೆ?"

"ತಾರಸೀಲಿ. ಏ ನೂರಾ, ಕರ್ಕೊಂಡು ಹೋಗು."

ತಾರಸಿಯ ಕಾವು ಚಪ್ಪಲಿಯನ್ನು ದಾಟಿ ಪಾದಕ್ಕೆ ಇಳಿಯುತ್ತಿತ್ತು. ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲೇ ಕೋಣೆ. ಚೌಕಟ್ಟಿನಲ್ಲಿ ಕೀಲು ಕಿತ್ತ ಗಾಯಗಳು. ಟ್ಯಾಂಕಿನ ನೆರಳಿನಲ್ಲಿ ಬಿಸಿಲಿಗೆ ಸೊಟ್ಟಗಾದ ಬಾಗಿಲು.

"ನಾನು ವಯರು ಮುಟ್ಟಿಲ್ಲ" ಎಂದಳು ಅಸ್ಕಲೆ.

"ಗೊತ್ತು. ಬಾಗಿಲು ಯಾಕೆ ತೆಗೆದ್ರು?"

"ಒಳಗಿಂದ ಚಿಲಕ ಹಾಕ್ತೀನಿ ಅಂತ."

"ಯಾಕೆ ಹಾಕ್ತಿದ್ದೆ?"

ಅಸ್ಕಲೆ ಮೆಟ್ಟಿಲ ಕಡೆ ನೋಡಿದಳು. "ರಾತ್ರಿ ಜರ್ರಾಹ್ ಮೇಲಕ್ಕೆ ಬರ್ತಾನೆ." ಟ್ಯಾಂಕಿನಲ್ಲಿ ನೀರಿಲ್ಲ ಎನ್ನುವ ಹಾಗೆ ಹೇಳಿದಳು.

"ಮೇಡಂಗೆ ಹೇಳಿದ್ಯಾ?"

"ಹೇಳಿದೆ. ಮಾರನೇ ದಿನ ಬಾಗಿಲು ಹೋಯ್ತು. ಬಿಚ್ಚಿದ್ದು ಅವನೇ."

ಕೋಣೆಯೊಳಗೆ ಹೋಗಿ ಅವಳು ತಗಡಿನ ಬೀರುವಿನ ಬಾಗಿಲು ತೆರೆದಳು. ಅದಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಮೈ ತೂರಿಸಿ ನಿಂತು ತೋರಿಸಿದಳು. ಅವಳು ಬಟ್ಟೆ ಬದಲಿಸುವುದು ಅಲ್ಲಿ. ತಲೆಯೊಂದು ಮಾತ್ರ ಕಾಣುತ್ತಿತ್ತು. ತಲೆಯ ಮೇಲೆ ಕ್ಯಾಮೆರಾದ ನೀಲಿ ದೀಪ.

"ಕೆಟ್ಟಿದೆ ಅಂತ ಹೇಳಿಬಿಡು ಅಕ್ಕಾ. ಇವತ್ತಿಂದ ಮೇಡಂ ಕೂಡ ಇರಲ್ಲ ಮನೇಲಿ."

ಮುಜ್ನಾ ಆ ಸುಳ್ಳನ್ನು ಬಾಯಲ್ಲಿ ಇಟ್ಟುಕೊಂಡು ನೋಡಿದಳು. ಸುಲಭದ ಸುಳ್ಳು. ಆದರೆ ಕೆಟ್ಟಿದೆ ಎಂದರೆ ಕೆಡಿಸಿದ್ದು ಯಾರು ಎಂದು ಕೇಳುತ್ತಾರೆ, ಉತ್ತರವನ್ನೂ ಅವರೇ ಹೇಳುತ್ತಾರೆ. ಈಗಷ್ಟೇ ತಪ್ಪಿದ್ದ ಏಜೆಂಟನ ಬಾಗಿಲು ಮತ್ತೆ ಹತ್ತಿರ ಬರುತ್ತದೆ.

"ಕೆಟ್ಟಿದ್ರೆ ಕೆಡಿಸಿದ್ದು ನೀನು ಅಂತಾರೆ."

ಅಸ್ಕಲೆ ತಲೆಯಾಡಿಸಿದಳು. ಅವಳಿಗೂ ಅದು ಹೊಳೆದಿತ್ತು.

ಅಷ್ಟರಲ್ಲಿ ಉಮ್ ಜರ್ರಾಹ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು ಹೊಸ್ತಿಲಾಚೆ ನಿಂತಳು. ಕೈಯಲ್ಲಿ ಫೋನು, ಫೋನಿನ ಸ್ಪೀಕರಿನಲ್ಲಿ ಸಮೀಹ್.

"ಕೆಳಗೆ ಕಾರು ನಿಂತಿದೆ. ಏನು ತಡ ನಿಂದು?" ಎಂದಳು.

ಮುಜ್ನಾ ಸ್ಟೂಲು ಹತ್ತಿ ಕ್ಯಾಮೆರಾದ ಬೆನ್ನಿಗೆ ಬೆರಳಿಟ್ಟಿದ್ದಳು. "ಇದು ಮಲಗೋ ಕೋಣೆ, ಖಾಲಾ."

"ನನ್ನ ಮನೆ ಕೋಣೆ."

"ದಿವಾನಿಯಾದೋರಿಗೆ ಅಡುಗೆಮನೆ ಕಂಡ್ರೆ ಅಂತ ಎದೆ ಹಿಡ್ಕೊಂಡ್ರಿ. ಇದು ಜರ್ರಾಹ್ ಫೋನಲ್ಲಿ ಕಾಣುತ್ತೆ, ಹಗಲೂ ರಾತ್ರಿ."

ಉಮ್ ಜರ್ರಾಹ್‌ಳ ಮುಖದಿಂದ 'ಮಗಳೇ' ಎನ್ನುವುದು ಅಳಿಸಿಹೋಯಿತು. "ನನ್ನ ಮಗನ ಹೆಸರು ನಿನ್ನ ನಾಲಿಗೆ ಮೇಲೆ ಬರಕೂಡದು. ಇವಳು ಕೆಲಸದೋಳು. ಕೆಲಸದೋಳಿಗೆ ಎಂಥ ಪರದೆಯೇ?"

"ಮುಜ್ನಾ" ಎಂದ ಸಮೀಹ್ ಫೋನಿನೊಳಗಿಂದ, ಸಮಾಧಾನದ ದನಿಯಲ್ಲಿ. "ಗುಂಡಿ ಒತ್ತು, ಇಳಿದು ಬಾ. ಬಿದೂನ್‌ಗಳಿಗೆ ಕೆಲಸ ಕೊಡೋರು ಈ ಊರಲ್ಲಿ ಎಷ್ಟು ಜನ ಇದ್ದಾರೆ, ನೀನೇ ಹೇಳು."

ಇಲ್ಲೇ ಹುಟ್ಟಿ, ಅಜ್ಜಂದಿರು ಇಲ್ಲೇ ಮಣ್ಣಾದರೂ ಈ ದೇಶ ತನ್ನವರೆಂದು ಬರೆದುಕೊಳ್ಳದ ಜನ ಬಿದೂನರು. ಮುಜ್ನಾಳ ಅಪ್ಪ ಸಾಯುವವರೆಗೂ ಎಲ್ಲರ ಮುಂದೆ ತಗ್ಗಿದ ದನಿಯಲ್ಲೇ ಮಾತಾಡಿದ, ಮನೆಯಲ್ಲಿ ಕೂಡ. ಆ ತಗ್ಗಿದ ದನಿ ಈಗ ಅವಳ ಗಂಟಲಲ್ಲೂ ಏಳುತ್ತಿತ್ತು. ಸರಿ ಉಸ್ತಾದ್ ಎಂದರೆ ಮುಗಿಯಿತು. ಗುಂಡಿ ಬೆರಳಿನ ಕೆಳಗೇ ಇತ್ತು, ಕಡಲೆಕಾಳಿನಷ್ಟು, ಬೆಚ್ಚಗೆ.

ಅವಳು ಬೆರಳು ತೆಗೆದಳು. "ನಾನು ಜೋಡಿಸಲ್ಲ, ಉಸ್ತಾದ್" ಎಂದು ಸ್ಟೂಲಿನಿಂದ ಇಳಿದಳು.

ಫೋನಿನಲ್ಲಿ ನಿಟ್ಟುಸಿರು ಕೇಳಿಸಿತು. "ಮೇಡಂ, ನೀವು ಚಿಂತೆ ಮಾಡ್ಬೇಡಿ. ಅವಳ ಲೆಕ್ಕ ನಾನು ನೋಡ್ಕೋತೀನಿ. ಫೋನು ನಿಮ್ಮ ಕೈಲೇ ಇದೆ. ಯಾರಾದ್ರೂ ಆ ಗುಂಡಿ ಒತ್ತಿ ಹಿಡಿದ್ರೆ ಸಾಕು, ಮಿಕ್ಕಿದ್ದು ನಾನು ಹೇಳ್ಕೊಡ್ತೀನಿ."

ಕೆಳಗೆ ಡ್ರೈವರು ಹಾರ್ನ್ ಒತ್ತಿದ. ಉಮ್ ಜರ್ರಾಹ್ ಸ್ಟೂಲನ್ನು ನೋಡಿದಳು, ತನ್ನ ಊದಿದ ಕಾಲುಗಳನ್ನು ನೋಡಿದಳು.

"ನೂರಾ, ಹತ್ತು. ಗುಂಡಿ ಒತ್ತು."

ಅಸ್ಕಲೆ ಬೀರುವಿನ ಸಂದಿಯಿಂದ ಹೊರಬಂದಳು. ಸ್ಟೂಲನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಆದರೆ ಅವಳು ಕ್ಯಾಮೆರಾದ ಕಡೆ ಹೋಗಲಿಲ್ಲ. ಸ್ಟೂಲನ್ನು ತಂದು ಬಾಗಿಲಿರಬೇಕಾದ ಜಾಗದಲ್ಲಿ, ಹೊಸ್ತಿಲ ಮೇಲೆ ಇಟ್ಟಳು. ಒಡತಿಯ ಎದುರು ಎಂದೂ ಕೂರದವಳು ಅದರ ಮೇಲೆ ಕೂತಳು. ಬೆನ್ನು ಚೌಕಟ್ಟಿನ ಒಂದು ಕಂಬಕ್ಕೆ, ಪಾದ ಇನ್ನೊಂದಕ್ಕೆ.

"ಒತ್ತಲ್ಲ, ಮೇಡಂ."